ಸ್ವಪಕ್ಷವಿವಾದವೂ ಪಕ್ಷನಿಷ್ಠೆಯೂ: ಅಮೆರಿಕದ ಪ್ರಾಥಮಿಕ ಚುನಾವಣೆಗಳನ್ನು ಕುರಿತ ಒಂದು ವಿಚಾರ

೧. ವಿಷಯನಿರೂಪಣೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಧ್ಯಕ್ಷ ಚುನಾವಣೆಯು ಎರಡು ಘಟ್ಟಗಳುಳ್ಳದ್ದು. ನವೆಂಬರ್ ತಿಂಗಳಿನಲ್ಲಿ ಡೆಮಾಕ್ರಾಟಿಕ್, ರಿಪಬ್ಲಿಕನ್ ಎಂಬ ಎರಡು ಮಹಾಪಕ್ಷಗಳ ಅಭ್ಯರ್ಥಿಗಳು ಪರಸ್ಪರ ಎದುರಾಗುವರೆಂಬುದು ಸರ್ವವಿದಿತ. ಅದಕ್ಕೆ ಮೊದಲು, ಅದೇ ವರ್ಷದ ಪೂರ್ವಾರ್ಧದಲ್ಲಿ, ಒಂದೊಂದು ಪಕ್ಷದವರೂ ತಮ್ಮೊಳಗೇ ಸ್ಪರ್ಧೆಯನ್ನು ನಡೆಸಿ ತಮ್ಮ ಅಭ್ಯರ್ಥಿಯನ್ನು ಆರಿಸಿಕೊಳ್ಳುವರು. ಈ ಮೊದಲ ಘಟ್ಟವನ್ನು ಅಲ್ಲಿಯವರು ಪ್ರೈಮರಿ ಎನ್ನುವರು; ನಮ್ಮ ಪತ್ರಿಕೆಗಳಲ್ಲಿ ಪ್ರಾಥಮಿಕ ಚುನಾವಣೆಯೆಂಬ ಹೆಸರು ರೂಢಿಗೆ ಬಂದಿದೆ. ಒಂದೊಂದು ರಾಜ್ಯದಲ್ಲಿಯೂ ಬೇರೆ ಬೇರೆ ದಿನಗಳಲ್ಲಿ ಮತದಾನವು ನಡೆದು, ಅಲ್ಲಿ ದೊರೆತ ಮತಗಳಿಗನುಸಾರವಾಗಿ ಪ್ರತಿನಿಧಿಗಳು ನಿಯತರಾಗಿ, ಅವರೆಲ್ಲರೂ ಬೇಸಗೆಯಲ್ಲಿ ಸೇರುವ ಮಹಾಧಿವೇಶನದಲ್ಲಿ ಅಭ್ಯರ್ಥಿಯನ್ನು ಘೋಷಿಸುವರು.

ನಮ್ಮ ದೇಶದಲ್ಲಿ ಅಭ್ಯರ್ಥಿಗಳನ್ನು ಆರಿಸತಕ್ಕವರು ಪಕ್ಷದ ನಾಯಕರು. ಟಿಕೆಟ್ಟು ದೊರೆಯದವನು ಮುನಿದು ಬಂಡಾಯ ಅಭ್ಯರ್ಥಿಯಾಗಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಆ ಮುನಿಸು ಬಹುಮಟ್ಟಿಗೆ ಅಭ್ಯರ್ಥಿಯದು ಮತ್ತು ಅವನ ಆಪ್ತರದು. ಅಮೆರಿಕದಲ್ಲಾದರೋ ಆಯ್ಕೆಯು ಕೋಟ್ಯಂತರ ಸಾಮಾನ್ಯ ಜನರ ಕೈಯಲ್ಲಿರುವುದರಿಂದ ಮುನಿಸೂ ಅವರದೇ. ತಿಂಗಳುಗಟ್ಟಲೆ ಒಬ್ಬ ಸ್ಪರ್ಧಿಗಾಗಿ ದುಡಿದು, ಹಣವಿತ್ತು, ಮನೆಮನೆಗೆ ಅಲೆದು, ಎದುರಾಳಿಯನ್ನು ದೂಷಿಸಿದವರು, ಜೂನ್ ತಿಂಗಳಿನಲ್ಲಿ ತಮ್ಮವನು ಸೋತ ಮರುದಿನವೇ ಆ ಎದುರಾಳಿಗೇ ಜಯಕಾರವನ್ನು ಮಾಡಬೇಕಾಗುವುದು. ಇದು ಹೇಗೆ ಸಾಧ್ಯವಾಗುತ್ತದೆ, ಯಾವಾಗ ಸಾಧ್ಯವಾಗುವುದಿಲ್ಲ ಎಂಬ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯ.

೨. ವಾದ, ಜಲ್ಪ, ವಿತಂಡ

ಈ ವಿಚಾರಕ್ಕೆ ನಮ್ಮ ನ್ಯಾಯಶಾಸ್ತ್ರದ ಒಂದು ವಿಭಾಗವು ಉಪಕಾರಕವಾಗಿದೆ. ಗೌತಮನ ನ್ಯಾಯಸೂತ್ರಗಳಲ್ಲಿ ಹೇಳಿರುವ ಹದಿನಾರು ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡ ಎಂಬ ಮೂರು ಸೇರಿವೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವ ಚರ್ಚೆಯು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ, ಛಲ ಮೊದಲಾದ ಉಪಾಯಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂದು ಒಂದು ಸಿದ್ಧಾಂತವನ್ನು ಸ್ಥಾಪಿಸದೆ ಪರರದನ್ನು ಖಂಡಿಸುವುದಷ್ಟೇ ವಿತಂಡ. ಪ್ರಾಥಮಿಕ ಚುನಾವಣೆಯು ಹೆಸರಿಗೆ ವಾದ. ಪಕ್ಷಕ್ಕೆ ಯಾರು ಯೋಗ್ಯರೆಂಬ ತತ್ತ್ವನಿರ್ಣಯವೇ ಅದರ ಪ್ರಯೋಜನ. ಸ್ಪರ್ಧಿಗಳ ಕೈಯಲ್ಲಿ ಅದು ಬೇಗನೆ ಜಲ್ಪವಾಗುವುದು. ಅನುಯಾಯಿಗಳ ಬಾಯಲ್ಲಿ ಅದು ಅನೇಕವೇಳೆ ವಿತಂಡಕ್ಕೆ ಇಳಿಯುವುದು.

ಹೀಗಾಗುವುದಕ್ಕೆ ಕಾರಣವುಂಟು. ಎರಡು ಪಕ್ಷಗಳ ನಡುವೆ ಸಿದ್ಧಾಂತಭೇದವು ದೊಡ್ಡದಾಗಿರುವುದರಿಂದ ಅಲ್ಲಿ ಹೇತುಗಳನ್ನು ಹಿಡಿದು ಹೋರಾಡಬಹುದು. ಒಂದೇ ಪಕ್ಷದ ಇಬ್ಬರ ನಡುವೆ ಆ ಭೇದವು ಅತ್ಯಲ್ಪ. ೨೦೦೮ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮಾ ಇವರ ಸ್ಪರ್ಧೆಯನ್ನು ನೋಡೋಣ. ಇರಾಕ್ ಯುದ್ಧಕ್ಕೆ ಅಧಿಕಾರವನ್ನು ಕೊಡುವ ನಿರ್ಣಯಕ್ಕೆ ೨೦೦೨ರಲ್ಲಿ ಕ್ಲಿಂಟನ್ ಅವರು ಸೆನೆಟ್ಟಿನಲ್ಲಿ ಅನುಕೂಲಮತವನ್ನು ಕೊಟ್ಟಿದ್ದರು. ಒಬಾಮಾ ಅವರು ಆಗಲೇ ಆ ಯುದ್ಧವನ್ನು ವಿರೋಧಿಸಿ ಮಾತಾಡಿದ್ದರು. ಇದು ನಿಜವಾದ ಭೇದ. ಇದನ್ನುಳಿದರೆ ಬಹಳವಾಗಿ ಚರ್ಚಿತವಾದದ್ದು ಆರೋಗ್ಯವಿಮೆಯ ವಿಷಯ. ಪ್ರತಿಯೊಬ್ಬರೂ ವಿಮೆಯನ್ನು ಪಡೆಯಲೇಬೇಕೆಂಬ ಕಡ್ಡಾಯವಿರಬೇಕೆಂದು ಕ್ಲಿಂಟನ್ ಅವರ ಮತ. ಮಕ್ಕಳಿಗೆ ಮಾತ್ರ ಕಡ್ಡಾಯ ಸಾಕೆಂದು ಒಬಾಮಾ ಅವರ ಮತ. ಇದಕ್ಕಾಗಿ ಇಬ್ಬರ ಅನುಯಾಯಿಗಳೂ ಪರಸ್ಪರರನ್ನು ಕಟುವಾಗಿ ನಿಂದಿಸಿಕೊಂಡರು. ಕಡೆಗೆ ೨೦೧೦ರಲ್ಲಿ ಒಬಾಮಾ ಅವರು ಅಂಕಿತವಿತ್ತ ಶಾಸನದಲ್ಲಿ ಕ್ಲಿಂಟನ್ ಅವರು ಹೇಳಿದ್ದ ಕಡ್ಡಾಯವೇ ಸೇರಿತು. ಜಗಳದ ಕಾವನ್ನು ಭೇದದ ಗಾತ್ರದಿಂದ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಸಿದ್ಧಾಂತದಲ್ಲಿ ಭೇದವು ಸಿಕ್ಕದಾಗ ದೋಷವನ್ನು ವ್ಯಕ್ತಿಯಲ್ಲಿ ಹುಡುಕಬೇಕಾಗುವುದು. ಹೇತುವನ್ನು ಬಿಟ್ಟು ವಕ್ತೃವನ್ನು ಖಂಡಿಸುವ ಈ ಮಾರ್ಗದಲ್ಲಿ ಒಂದು ಅಪಾಯವಿದೆ. ಹೇತುವು ಖಂಡಿತವಾದರೆ ಸೋತವನು ಅದನ್ನು ಬಿಟ್ಟು ಬೇರೊಂದನ್ನು ಹಿಡಿಯಬಹುದು. ವ್ಯಕ್ತಿಯು ಅವಮಾನಿತನಾದರೆ ಅವನಲ್ಲಿ ತನ್ನನ್ನೇ ಕಂಡುಕೊಂಡವರೆಲ್ಲರೂ ಅವಮಾನಿತರಾಗುವರು. ೨೦೦೮ರಲ್ಲಿ ಒಬ್ಬರು ಮಹಾಪಕ್ಷವೊಂದರ ಮೊದಲನೆಯ ಮಹಿಳಾ ಅಭ್ಯರ್ಥಿಯಾಗಲು, ಇನ್ನೊಬ್ಬರು ಮೊದಲನೆಯ ಕಪ್ಪುಜನಾಂಗದ ಅಭ್ಯರ್ಥಿಯಾಗಲು ಹೊರಟಿದ್ದರು. ಒಂದು ಕಡೆಯವರು ಸ್ತ್ರೀದ್ವೇಷವನ್ನೂ, ಇನ್ನೊಂದು ಕಡೆಯವರು ವರ್ಣದ್ವೇಷವನ್ನೂ ಪರಸ್ಪರ ಆರೋಪಿಸಿದರು. ಬಹುಕಾಲ ಬಾಗಿಲ ಹೊರಗೆ ನಿಂತಿದ್ದ ಎರಡು ಸಮುದಾಯಗಳ ಆಶೆಯು ಒಂದೇ ಬಾಗಿಲಿನಲ್ಲಿ ಎದುರಾದಾಗ, ಒಂದರ ಜಯವು ಇನ್ನೊಂದಕ್ಕೆ ಕೇವಲ ಸೋಲಾಗಿ ತೋರದೆ ಹಳೆಯ ಅನ್ಯಾಯದ ಮುಂದುವರಿಕೆಯಾಗಿ ತೋರುವುದು ಸಹಜ.

೩. ಯಾರು ಪಕ್ಷದವರು?

ಇಂಥ ಸಂದರ್ಭದಲ್ಲಿ ಗೆದ್ದವರು ಸೋತವರನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಈಗ ನಮ್ಮೊಡನೆ ಬಾರದವನು ಪಕ್ಷದ್ರೋಹಿ. ಈ ಮಾತನ್ನು ಪರೀಕ್ಷಿಸತಕ್ಕದ್ದು. ದ್ರೋಹವೆನ್ನಬೇಕಾದರೆ ಮೊದಲು ಒಂದು ಪ್ರತಿಜ್ಞೆಯಿರಬೇಕು. ಅಮೆರಿಕದ ಪಕ್ಷಗಳಿಗೆ ಸಾಮಾನ್ಯ ಮತದಾರನಿಂದ ಚಂದಾ ಇಲ್ಲ, ದೀಕ್ಷೆಯಿಲ್ಲ. ಕೆಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲಿ ತನ್ನ ಪಕ್ಷದ ಹೆಸರನ್ನು ಬರೆಯಿಸಿದವನು ಮಾತ್ರ ಆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತವನ್ನು ಕೊಡಬಹುದು. ಇನ್ನು ಕೆಲವು ರಾಜ್ಯಗಳಲ್ಲಿ ಯಾವ ಪಕ್ಷಕ್ಕೂ ಸೇರದವನೂ ಬಂದು ಮತವನ್ನು ಕೊಡಬಹುದು. ಆದುದರಿಂದ ಸೋತವನ ಅನುಯಾಯಿಗಳಲ್ಲಿ ಎರಡು ವರ್ಗದವರಿರುವರು. ಪಕ್ಷಕ್ಕಾಗಿ ಬಂದು ಈ ಸ್ಪರ್ಧಿಯನ್ನು ಮೆಚ್ಚಿದವರು ಒಂದು ವರ್ಗ; ಈ ಸ್ಪರ್ಧಿಗಾಗಿಯೇ ಬಂದು ಪಕ್ಷದ ಅಂಗಳದಲ್ಲಿ ನಿಂತವರು ಇನ್ನೊಂದು ವರ್ಗ. ಮೊದಲನೆಯವರು ಪಕ್ಷನಿಷ್ಠರು, ಎರಡನೆಯವರು ವ್ಯಕ್ತಿನಿಷ್ಠರು. ಎರಡನೆಯವರು ಹೊರಟುಹೋದರೆ ಅದು ದ್ರೋಹವೆನಿಸದು. ನೆಂಟನು ತನ್ನ ಊರಿಗೆ ಹಿಂದಿರುಗಿದ ಹಾಗೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಕಿಗಳನ್ನು ನೋಡಬೇಕು. ೨೦೦೮ರ ಮಾರ್ಚ್ ತಿಂಗಳಿನಲ್ಲಿ ಗ್ಯಾಲಪ್ ಸಂಸ್ಥೆಯು ನಡೆಸಿದ ಜನಾಭಿಪ್ರಾಯಸಂಗ್ರಹದಲ್ಲಿ, ಒಬಾಮಾ ಅಭ್ಯರ್ಥಿಯಾದರೆ ತಾವು ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರಿಗೆ ಮತವನ್ನು ಕೊಡುವೆವೆಂದು ಕ್ಲಿಂಟನ್ ಅನುಯಾಯಿಗಳಲ್ಲಿ ಶೇಕಡಾ ೨೮ ಮಂದಿ ಹೇಳಿದರು. ಕ್ಲಿಂಟನ್ ಅಭ್ಯರ್ಥಿಯಾದರೆ ಹಾಗೆಯೇ ಮಾಡುವೆವೆಂದು ಒಬಾಮಾ ಅನುಯಾಯಿಗಳಲ್ಲಿ ಶೇಕಡಾ ೧೯ ಮಂದಿ ಹೇಳಿದರು. ನವೆಂಬರಿನಲ್ಲಿ ಮತವನ್ನಿತ್ತು ಹೊರಬಂದವರನ್ನು ವಿಚಾರಿಸಿದಾಗ, ಕ್ಲಿಂಟನ್ ಅವರನ್ನು ಬಯಸಿದ್ದ ಡೆಮಾಕ್ರಾಟರಲ್ಲಿ ಸುಮಾರು ಆರರಲ್ಲಿ ಐದು ಪಾಲು ಒಬಾಮಾ ಅವರಿಗೇ ಮತವನ್ನು ಕೊಟ್ಟಿದ್ದರು. ಕೋಪದಲ್ಲಿ ಆಡಿದ ಮಾತು ಬೇರೆ, ಮತಪೆಟ್ಟಿಗೆಯ ಮುಂದೆ ನಿಂತಾಗಿನ ಬುದ್ಧಿ ಬೇರೆ. ೨೦೧೬ರಲ್ಲಿ ಬರ್ನೀ ಸ್ಯಾಂಡರ್ಸ್ ಅವರು ಕ್ಲಿಂಟನ್ ಅವರಿಗೆ ಸೋತಮೇಲೆ, ಸ್ಯಾಂಡರ್ಸರಿಗೆ ಮತವಿತ್ತಿದ್ದವರಲ್ಲಿ ಶೇಕಡಾ ೧೨ರಷ್ಟು ಮಂದಿ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಮತವನ್ನು ಕೊಟ್ಟರೆಂದು ವಿದ್ವಾಂಸರ ಒಂದು ವಿಸ್ತಾರವಾದ ಸಮೀಕ್ಷೆಯಿಂದ ತಿಳಿದುಬಂದಿತು. ಇವರಲ್ಲಿ ಅನೇಕರು ತಮ್ಮನ್ನು ಡೆಮಾಕ್ರಾಟರೆಂದು ಹೇಳಿಕೊಳ್ಳುವವರೇ ಆಗಿರಲಿಲ್ಲ. ಸ್ವತಃ ಸ್ಯಾಂಡರ್ಸ್ ಅವರೇ ಬಹುಕಾಲ ಸ್ವತಂತ್ರರಾಗಿ ಗೆದ್ದುಬಂದವರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಹೀಗೆ ಲೆಕ್ಕದಲ್ಲಿ ನೋಡಿದರೆ ೨೦೧೬ರ ಒಡಕು ೨೦೦೮ರದಕ್ಕಿಂತ ದೊಡ್ಡದೆಂದು ಹೇಳುವಂತಿಲ್ಲ. ಆದರೂ ೨೦೦೮ರದು ಮಾಯ್ದ ಗಾಯವೆಂದೂ, ೨೦೧೬ರದು ಮಾಯದ ಗಾಯವೆಂದೂ ಆ ಪಕ್ಷದವರ ನೆನಪಿನಲ್ಲಿ ಉಳಿದಿದೆ. ಮೊದಲನೆಯದರಲ್ಲಿ ಪಕ್ಷವು ಗೆದ್ದಿತು, ಎರಡನೆಯದರಲ್ಲಿ ಸೋತಿತು ಎಂಬುದು ಒಂದು ಕಾರಣ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಈ ಮೂರು ರಾಜ್ಯಗಳಲ್ಲಿ ಒಟ್ಟು ೮೦,೦೦೦ಕ್ಕೂ ಕಡಮೆ ಮತಗಳ ಅಂತರದಿಂದ ಸೋತಾಗ, ಪ್ರತಿಯೊಬ್ಬ ವಿಮುಖನ ಮೇಲೂ ಬೆರಳು ಮಾಡುವುದು ಸುಲಭವಾಯಿತು. ಆದರೆ ಇಷ್ಟರಿಂದಲೇ ಎಲ್ಲವೂ ವಿವೃತವಾಗದು. ಇನ್ನೊಂದು ಕಾರಣವನ್ನು ಹುಡುಕಬೇಕು.

೪. ಮಧ್ಯಸ್ಥರ ವಿಚಾರ

ಜಯೇಚ್ಛೆಯಿಂದ ನಡೆಯುವ ಕಥೆಗೆ ವಾದಶಾಸ್ತ್ರಜ್ಞರು ನಾಲ್ಕು ಅಂಗಗಳನ್ನು ಹೇಳುವರು: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಸಭ್ಯರು ಉಭಯರಿಗೂ ಸಮ್ಮತರಾದ ಮಧ್ಯಸ್ಥರಾಗಿರಬೇಕು. ಇಲ್ಲವಾದರೆ ನಿಗ್ರಹಸ್ಥಾನವನ್ನು, ಎಂದರೆ ಸೋಲಿನ ಠಾವನ್ನು, ತೋರಿಸಿದರೂ ಸೋತವನು ಒಪ್ಪುವುದಿಲ್ಲ. ಪ್ರಾಥಮಿಕ ಚುನಾವಣೆಗಳ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಮೇಲಣ ಪ್ರಶ್ನೆಗೆ ಉತ್ತರವು ದೊರೆಯುವುದೆಂದು ನಮ್ಮ ಅಭಿಪ್ರಾಯ.

೧೯೧೨ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ಅಧ್ಯಕ್ಷ ವಿಲಿಯಂ ಟ್ಯಾಫ್ಟ್ ಅವರಿಗೂ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರಿಗೂ ಸ್ಪರ್ಧೆಯು ನಡೆಯಿತು. ಆಗ ಪ್ರಾಥಮಿಕ ಚುನಾವಣೆಯು ಕೆಲವೇ ರಾಜ್ಯಗಳಲ್ಲಿದ್ದು, ಅವುಗಳಲ್ಲಿ ಬಹುಭಾಗವನ್ನು ರೂಸ್‌ವೆಲ್ಟ್ ಅವರೇ ಗೆದ್ದರು. ಷಿಕಾಗೋ ಅಧಿವೇಶನಕ್ಕೆ ಮೊದಲು ೨೫೪ ಪ್ರತಿನಿಧಿಸ್ಥಾನಗಳ ವಿಷಯದಲ್ಲಿ ವಿವಾದವೆದ್ದಿತು. ಅದನ್ನು ತೀರ್ಮಾನಿಸತಕ್ಕ ರಾಷ್ಟ್ರೀಯ ಸಮಿತಿಯು ಟ್ಯಾಫ್ಟರ ಕಡೆಯವರ ಹಿಡಿತದಲ್ಲಿತ್ತು. ಅದು ೨೩೫ ಸ್ಥಾನಗಳನ್ನು ಟ್ಯಾಫ್ಟರಿಗೂ ೧೯ನ್ನು ರೂಸ್‌ವೆಲ್ಟರಿಗೂ ಕೊಟ್ಟಿತು. ಪ್ರತಿವಾದಿಯೇ ಸಭ್ಯನಾಗಿ ಕುಳಿತಂತಾಯಿತು. ರೂಸ್‌ವೆಲ್ಟ್ ಅವರು ಹೊರಬಿದ್ದು ಪ್ರೋಗ್ರೆಸಿವ್ ಎಂಬ ಹೊಸ ಪಕ್ಷವನ್ನು ಕಟ್ಟಿ ಸ್ಪರ್ಧಿಸಿದರು. ನವೆಂಬರಿನಲ್ಲಿ ಡೆಮಾಕ್ರಾಟಿಕ್ ಪಕ್ಷದ ವುಡ್ರೊ ವಿಲ್ಸನ್ ಅವರು ಜನಮತದಲ್ಲಿ ಅರ್ಧವನ್ನೂ ಮುಟ್ಟದೆ, ಸುಮಾರು ಶೇಕಡಾ ೪೨ರಷ್ಟನ್ನೇ ಪಡೆದು, ೪೩೫ ನಿರ್ವಾಚಕಮತಗಳಿಂದ ಗೆದ್ದರು. ರೂಸ್‌ವೆಲ್ಟರಿಗೆ ೮೮, ಅಧಿಕಾರದಲ್ಲಿದ್ದ ಟ್ಯಾಫ್ಟರಿಗೆ ಕೇವಲ ೮. ಸಂಘವನ್ನು ಹೊರಗಿನ ಬಲದಿಂದ ಮುರಿಯುವುದಕ್ಕಿಂತ ಒಳಗಿನ ಭೇದದಿಂದ ಮುರಿಯುವುದು ಸುಲಭವೆಂಬ ಅಭಿಪ್ರಾಯದಿಂದ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸಂಘವೃತ್ತಕ್ಕೆ ಒಂದು ಅಧಿಕರಣವನ್ನೇ ಮೀಸಲಿಟ್ಟನು. ಇಲ್ಲಿ ವಿಲ್ಸನ್ ಅವರಿಗೆ ಭೇದೋಪಾಯವನ್ನು ಪ್ರಯೋಗಿಸುವ ಶ್ರಮವೂ ತಪ್ಪಿತು.

೧೯೬೮ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಹ್ಯೂಬರ್ಟ್ ಹಂಫ್ರಿ ಅವರು ಒಂದು ಪ್ರಾಥಮಿಕ ಚುನಾವಣೆಯಲ್ಲಿಯೂ ಸ್ಪರ್ಧಿಸದೆ, ನಾಯಕರ ಬೆಂಬಲದಿಂದಲೇ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಯೂಜೀನ್ ಮೆಕಾರ್ತಿ ಅವರಿಗಾಗಿಯೂ, ಆ ವರ್ಷ ಜೂನಿನಲ್ಲಿ ಹತರಾದ ರಾಬರ್ಟ್ ಕೆನೆಡಿ ಅವರಿಗಾಗಿಯೂ ದುಡಿದಿದ್ದ ಯುವಜನರಿಗೆ ತಮ್ಮ ಮತಗಳೆಲ್ಲವೂ ನೀರಿನಲ್ಲಿ ಹೋಮಮಾಡಿದಂತಾಯಿತು. ಷಿಕಾಗೋ ನಗರದ ಬೀದಿಗಳಲ್ಲಿ ಯುದ್ಧವಿರೋಧಿಗಳಿಗೂ ಪೋಲೀಸರಿಗೂ ನಡೆದ ಘರ್ಷಣೆಯನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡಿತು. ಹಂಫ್ರಿ ಅವರು ಸೋತರು. ಬಳಿಕ ಪಕ್ಷವು ಒಂದು ಆಯೋಗವನ್ನು ನೇಮಿಸಿ, ಪ್ರತಿನಿಧಿಗಳನ್ನು ಆರಿಸುವ ಕ್ರಮವನ್ನೇ ಬದಲಾಯಿಸಿತು. ೧೯೭೨ರಿಂದ ಈಚೆಗೆ ಪ್ರಾಥಮಿಕ ಚುನಾವಣೆಗಳೇ ನಿರ್ಣಾಯಕವಾಗಿರುವುದು ಇದರ ಫಲ.

೧೯೮೦ರಲ್ಲಿ ಎಡ್ವರ್ಡ್ ಕೆನೆಡಿ ಅವರು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ಎದುರಿಸಿ ಸೋತರೂ, ಪ್ರತಿನಿಧಿಗಳು ಮೊದಲಿನ ವಾಗ್ದಾನಕ್ಕೆ ಬದ್ಧರಾಗಬೇಕೆಂಬ ನಿಯಮವನ್ನು ತೆಗೆಯಬೇಕೆಂದು ಅಧಿವೇಶನದವರೆಗೂ ಹೋರಾಡಿದರು. ಅಲ್ಲಿಯೂ ವಿವಾದದ ಮೂಲವು ನಿಯಮವೇ. ನ್ಯೂಯಾರ್ಕಿನ ವೇದಿಕೆಯಲ್ಲಿ ಕಡೆಯ ರಾತ್ರಿ ಕೆನೆಡಿ ಅವರು ಬಂದು ಮನಸ್ಸಿಲ್ಲದ ಮನಸ್ಸಿನಿಂದ ಕೈಕುಲುಕಿದುದನ್ನು ಜನರು ಬಹುಕಾಲ ಮರೆಯಲಿಲ್ಲ. ಕಾರ್ಟರ್ ಅವರಿಗೆ ನವೆಂಬರಿನಲ್ಲಿ ದೊರೆತ ನಿರ್ವಾಚಕಮತಗಳು ೪೯. ರೊನಾಲ್ಡ್ ರೇಗನ್ ಅವರಿಗೆ ೪೮೯. ಸೋಲಿಗೆ ಹಣದುಬ್ಬರ, ಇರಾನಿನಲ್ಲಿ ಸೆರೆಯಾಗಿದ್ದ ರಾಯಭಾರಿಕಚೇರಿಯವರ ವಿಷಯ ಮೊದಲಾದ ಬೇರೆ ಕಾರಣಗಳೂ ಇದ್ದುವು. ಒಳಜಗಳವೊಂದೇ ಕಾರಣವೆನ್ನುವುದು ಅತಿವ್ಯಾಪ್ತಿಯಾದೀತು. ಒಳಜಗಳದ ಸೋಲೆಲ್ಲವೂ ಸಂಪೂರ್ಣ ನಾಶವೆಂದೂ ಹೇಳಲಾಗದು. ೧೯೭೬ರಲ್ಲಿ ಕಾನ್ಸಸ್ ನಗರದ ಅಧಿವೇಶನದಲ್ಲಿ ಇದೇ ರೇಗನ್ ಅವರು ಜೆರಾಲ್ಡ್ ಫೋರ್ಡ್ ಅವರಿಗೆ ೧,೦೭೦ಕ್ಕೆ ಪ್ರತಿಯಾಗಿ ೧,೧೮೭ ಮತಗಳಿಂದ ಸೋತಿದ್ದರು. ಆ ಸೋಲನ್ನು ಒಪ್ಪಿ ಪಕ್ಷದಲ್ಲಿಯೇ ಉಳಿದವರಿಗೆ ನಾಲ್ಕು ವರ್ಷಗಳ ಮೇಲೆ ಆ ಪಕ್ಷವೇ ದೊರೆಯಿತು.

೫. ಎರಡು ವರ್ಷಗಳ ತಾರತಮ್ಯ

ಈಗ ೨೦೦೮ಕ್ಕೂ ೨೦೧೬ಕ್ಕೂ ಹಿಂದಿರುಗೋಣ. ೨೦೦೮ರಲ್ಲಿಯೂ ನಿಯಮದ ವಿವಾದವಿತ್ತು. ಮಿಷಿಗನ್ ಮತ್ತು ಫ್ಲಾರಿಡ ರಾಜ್ಯಗಳು ಪಕ್ಷವು ಗೊತ್ತುಮಾಡಿದ ಕಾಲಕ್ಕಿಂತ ಮೊದಲೇ ಚುನಾವಣೆಯನ್ನು ನಡೆಸಿದುದರಿಂದ ಅವುಗಳ ಪ್ರತಿನಿಧಿಗಳನ್ನು ಪಕ್ಷವು ಅನರ್ಹಗೊಳಿಸಿತ್ತು. ಮಿಷಿಗನ್ನಿನ ಮತಪತ್ರದಲ್ಲಿ ಒಬಾಮಾ ಅವರ ಹೆಸರೇ ಇರಲಿಲ್ಲ. ಆ ಮತಗಳನ್ನು ಎಣಿಸಬೇಕೆಂದು ಕ್ಲಿಂಟನ್ ಪಕ್ಷಪಾತಿಗಳು ಹಟಹಿಡಿದರು. ಮೇ ೩೧ರಂದು ವಾಷಿಂಗ್ಟನ್ನಿನಲ್ಲಿ ನಿಯಮಸಮಿತಿಯು ಎಲ್ಲರೂ ನೋಡುತ್ತಿರುವಂತೆ ಸಭೆ ಸೇರಿ, ಎರಡು ಕಡೆಯ ವಾದಗಳನ್ನೂ ಕೇಳಿ, ಒಬ್ಬೊಬ್ಬ ಪ್ರತಿನಿಧಿಗೂ ಅರ್ಧಮತವೆಂದು ತೀರ್ಮಾನಿಸಿತು. ಸಭೆಯಲ್ಲಿಯೇ ಕೂಗಾಟವಾಯಿತು. ಆದರೂ ತೀರ್ಪು ಬಹಿರಂಗವಾಗಿ ನಡೆದಿತ್ತು, ಕಾರಣಗಳು ಎಲ್ಲರ ಕಿವಿಗೂ ಬಿದ್ದಿದ್ದುವು. ಗೆಲುವು ನಿಶ್ಚಿತವಾದಮೇಲೆ, ಆಗಸ್ಟಿನಲ್ಲಿ, ಆ ಪ್ರತಿನಿಧಿಗಳಿಗೆ ಪೂರ್ಣಮತವನ್ನೇ ಹಿಂದಕ್ಕೆ ಕೊಡಲಾಯಿತು.

ಸೋತವರ ನಡತೆಯೂ ಇದಕ್ಕೆ ಅನುರೂಪವಾಗಿತ್ತು. ಜೂನ್ ೭ರಂದು ಕ್ಲಿಂಟನ್ ಅವರು ತಮಗೆ ಬಂದ ಒಂದು ಕೋಟಿ ಎಂಬತ್ತು ಲಕ್ಷ ಮತಗಳನ್ನು ಹೆಮ್ಮೆಯಿಂದ ಸ್ಮರಿಸಿ, ಆ ಹೆಮ್ಮೆಗೆ ಕುಂದಿಲ್ಲದಂತೆಯೇ ಒಬಾಮಾ ಅವರಿಗೆ ಬೆಂಬಲವನ್ನು ಸೂಚಿಸಿದರು. ಜೂನ್ ೨೭ರಂದು ಇಬ್ಬರೂ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಯೂನಿಟಿ ಎಂಬ ಹಳ್ಳಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡರು. ಆ ಹೆಸರಿಗೆ ಐಕಮತ್ಯವೆಂದೇ ಅರ್ಥ. ಜನವರಿಯ ಚುನಾವಣೆಯಲ್ಲಿ ಆ ಹಳ್ಳಿಯವರು ಇಬ್ಬರಿಗೂ ಸಮನಾಗಿ ೧೦೭, ೧೦೭ ಮತಗಳನ್ನು ಕೊಟ್ಟಿದ್ದರು. ಅಧಿವೇಶನದಲ್ಲಿ ಮತಗಳ ಎಣಿಕೆಯು ನಡೆಯುತ್ತಿರುವಾಗಲೇ ಅದನ್ನು ನಿಲ್ಲಿಸಿ ಒಬಾಮಾ ಅವರನ್ನು ಜಯಧ್ವನಿಯಿಂದ ಅಭ್ಯರ್ಥಿಯಾಗಿ ಸ್ವೀಕರಿಸಬೇಕೆಂದು ಸೂಚಿಸಿದವರು ಸ್ವತಃ ಕ್ಲಿಂಟನ್ ಅವರೇ.

೨೦೧೬ರಲ್ಲಿ ಸ್ಯಾಂಡರ್ಸ್ ಅವರೂ ಇದೇ ಮಾರ್ಗವನ್ನು ಹಿಡಿದರು. ಜುಲೈ ೧೨ರಂದು ಬೆಂಬಲವನ್ನು ಘೋಷಿಸಿದರು. ಫಿಲಡೆಲ್ಫಿಯದ ಅಧಿವೇಶನದಲ್ಲಿ ಕ್ಲಿಂಟನ್ ಅವರನ್ನು ಜಯಧ್ವನಿಯಿಂದ ಸ್ವೀಕರಿಸಬೇಕೆಂದು ತಾವೇ ಸೂಚಿಸಿದರು. ಆದರೂ ಅವರ ಅನುಯಾಯಿಗಳು ಅವರ ಮಾತನ್ನೇ ಧಿಕ್ಕರಿಸಿ ಕೂಗಿದರು. ಜನಮತದಲ್ಲಿ ಕ್ಲಿಂಟನ್ ಅವರು ಸುಮಾರು ೩೭ ಲಕ್ಷದಷ್ಟು ಮುಂದಿದ್ದುದರಿಂದ ಫಲಿತಾಂಶವು ಸಂದೇಹಾಸ್ಪದವಾಗಿರಲಿಲ್ಲ. ಸಂದೇಹವು ಮಧ್ಯಸ್ಥರ ಮೇಲೆ. ಸೂಪರ್ ಡೆಲಿಗೇಟರೆಂಬ, ಜನಮತಕ್ಕೆ ಬದ್ಧರಲ್ಲದ ನೂರಾರು ಪ್ರತಿನಿಧಿಗಳು ಮತದಾನಕ್ಕೆ ಮೊದಲೇ ಕ್ಲಿಂಟನ್ ಅವರ ಕಡೆಗೆ ವಾಲಿದ್ದರು. ಅಧಿವೇಶನಕ್ಕೆ ಮೂರು ದಿನ ಮೊದಲು ರಾಷ್ಟ್ರೀಯ ಸಮಿತಿಯವರ ಕದ್ದ ಪತ್ರವ್ಯವಹಾರವು ಬಯಲಾಗಿ, ಸಮಿತಿಯ ನೌಕರರು ಸ್ಯಾಂಡರ್ಸರ ವಿಷಯದಲ್ಲಿ ಸಮಭಾವವಿಲ್ಲದೆ ಬರೆದುಕೊಂಡದ್ದು ತಿಳಿಯಿತು; ಸಮಿತಿಯ ಅಧ್ಯಕ್ಷೆಯು ಪದತ್ಯಾಗ ಮಾಡಬೇಕಾಯಿತು. ಲೆಕ್ಕವು ಸರಿಯಾಗಿದ್ದರೂ ತಕ್ಕಡಿ ಹಿಡಿದವನ ಕೈ ಅಲುಗಿದ್ದನ್ನು ಕಂಡವನು ತೂಕವನ್ನು ನಂಬುವುದಿಲ್ಲ. ಪಕ್ಷವೂ ಇದನ್ನು ಗ್ರಹಿಸಿತು. ೨೦೧೮ರಲ್ಲಿ ಸೂಪರ್ ಡೆಲಿಗೇಟರು ಸ್ಪರ್ಧೆಯಿರುವ ಅಧಿವೇಶನದ ಮೊದಲ ಸುತ್ತಿನಲ್ಲಿ ಮತವನ್ನು ಕೊಡಬಾರದೆಂದು ನಿಯಮವನ್ನು ಮಾಡಿತು. ೧೯೬೮ರ ಬಳಿಕ ಆದಂತೆಯೇ ಇಲ್ಲಿಯೂ ಚಿಕಿತ್ಸೆಯು ನಡೆದದ್ದು ಅನುಯಾಯಿಗಳಿಗಲ್ಲ, ನಿಯಮಗಳಿಗೆ.

೬. ಉಪಸಂಹಾರ

ನಿಷ್ಠೆಯನ್ನು ಮುಂಚಿತವಾಗಿಯೇ ಬರೆಯಿಸಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ೨೦೧೫ರ ಸೆಪ್ಟೆಂಬರಿನಲ್ಲಿ ರಿಪಬ್ಲಿಕನ್ ಪಕ್ಷವು, ಯಾರೇ ಗೆದ್ದರೂ ಅವರನ್ನು ಬೆಂಬಲಿಸುವೆನೆಂಬ ವಾಗ್ದಾನಪತ್ರಕ್ಕೆ ಟ್ರಂಪ್ ಅವರಿಂದ ಸಹಿಯನ್ನು ಪಡೆಯಿತು. ಮರುವರ್ಷ ಮಾರ್ಚಿನಲ್ಲಿ ಅವರು ಅದಕ್ಕೆ ತಾವು ಬದ್ಧರಲ್ಲವೆಂದರು. ಜುಲೈಯಲ್ಲಿ ಸೋತ ಟೆಡ್ ಕ್ರೂಜ್ ಅವರು ಅಧಿವೇಶನದ ವೇದಿಕೆಯಲ್ಲಿಯೇ ಟ್ರಂಪರಿಗೆ ಬೆಂಬಲವನ್ನು ಹೇಳದೆ ಇಳಿದರು. ಕಾಗದದ ಮೇಲಣ ನಿಷ್ಠೆಯು ಎಷ್ಟು ದಿನ ಬಾಳುವುದೆಂಬುದು ಇದರಿಂದ ವಿಶದವಾಗುವುದು.

ನ್ಯಾಯಶಾಸ್ತ್ರದಲ್ಲಿ ಪಕ್ಷವೆಂಬ ಶಬ್ದಕ್ಕೆ, ಸಾಧ್ಯವು ಇನ್ನೂ ಸಂದೇಹದಲ್ಲಿರುವ ಸ್ಥಳವೆಂದು ಅರ್ಥ. ರಾಜಕೀಯ ಪಕ್ಷಕ್ಕೂ ಈ ಅರ್ಥವು ಚೆನ್ನಾಗಿ ಒಪ್ಪುವುದು. ಅಲ್ಲಿ ನಿಷ್ಠೆಯೆಂಬುದು ಸಾಧ್ಯ; ಅದನ್ನು ಸಾಧಿಸಿ ತೋರಿಸಬೇಕು. ಸಿದ್ಧವೆಂದೇ ಹಿಡಿದು ಸೋತವರಿಂದ ಕೇಳತೊಡಗಿದರೆ ಅದು ದೊರೆಯದು. ಅದನ್ನು ಸಾಧಿಸುವ ಹೇತುಗಳು ಎರಡು: ಸೋತವನು ತನ್ನವರ ಮಾನವನ್ನು ಉಳಿಸಿಕೊಂಡು ಸೋಲನ್ನು ಒಪ್ಪುವ ಬಗೆ ಒಂದು, ಉಭಯರೂ ನಂಬುವ ಮಧ್ಯಸ್ಥರಿರುವುದು ಇನ್ನೊಂದು. ೨೦೧೬ರ ನಿದರ್ಶನದಿಂದ ಮೊದಲನೆಯದು ಮಾತ್ರ ಸಾಲದೆಂದು ತಿಳಿಯುತ್ತದೆ.

ಜಲ್ಪವಿತಂಡಗಳನ್ನೂ ಗೌತಮನು ಪೂರ್ತಿಯಾಗಿ ನಿಷೇಧಿಸಲಿಲ್ಲ. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಹೇಗೋ, ತತ್ತ್ವನಿಶ್ಚಯವನ್ನು ಕಾಯಲು ಅವು ಹಾಗೆ ಎಂದನು. ಅನುಯಾಯಿಗಳ ಸ್ಪರ್ಧೆ, ಕೋಪ, ಕೂಗು ಇವೂ ಅಂಥ ಬೇಲಿಯೇ; ಅವಿಲ್ಲದ ಪಕ್ಷವು ಹಸುರಿಲ್ಲದ ಹೊಲ. ಆದರೆ ಬೇಲಿಯೇ ಎದ್ದು ಹೊಲವನ್ನು ಮೇಯದಂತೆ ನೋಡಿಕೊಳ್ಳಬೇಕಾದವರು ಹೊಲದ ಕಾವಲುಗಾರರು. ಅವರು ಯಾರ ಕಡೆಯವರೂ ಆಗದೆ ಉಳಿದ ವರ್ಷಗಳಲ್ಲಿ ಸೋತವರೂ ಸುಗ್ಗಿಗೆ ಬಂದು ಕೈಜೋಡಿಸಿದ್ದಾರೆ.